ಕಲ್ಲುಗುಪ್ಪೆಯ ಸಕ್ಕರೆ

ಏಪ್ರಿಲ್ 2, ಗುರುವಾರ

ಡಾಕ್ಟರ್ ಸೆಬ್ತಿ ಕೊನೆಗೂ ಒಪ್ಪಿದಳು. ಅಥವಾ ಒಪ್ಪಿದಂತೆ ಮಾಡಿದಳು.

ಮೇ ಹದಿನೇಳಕ್ಕೆ ಬೆಟ್ಟದ ಓಟ. ದೇವದಾರು ಕಾಡನ್ನು ಹತ್ತಿ, ಬೋಳುಗುಡ್ಡದ ನೆತ್ತಿ ದಾಟಿ, ಮತ್ತೆ ಅಜ್ರೂ ಪೇಟೆಗೆ ಇಳಿಯುವ ನಲವತ್ತೆರಡು ಕಿಲೋಮೀಟರು. ವೈದ್ಯರ ಸಹಿ ಇಲ್ಲದವರಿಗೆ ಎದೆಗೆ ಕಟ್ಟುವ ಸಂಖ್ಯೆ ಕೊಡುವುದಿಲ್ಲ. ಹೋದ ವರ್ಷ ಸಹಿ ಸಿಗದೆ ರಸ್ತೆಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಈ ವರ್ಷ ತಟ್ಟಲಾರೆ.

"ಆರು ವಾರ ದಿನಾ ಬರ್ಕೊಂಡು ಬನ್ನಿ ಉಸ್ತಾದಾ," ಅಂದಳು, ಹಸಿರು ರಟ್ಟಿನ ಪುಸ್ತಕ ಕೊಡುತ್ತಾ. "ರಕ್ತದ ಸಕ್ಕರೆ ಒಂದ್ಸಲ ಆದ್ರೂ ಲೀಟರಿಗೆ 0.60 ಗ್ರಾಂಗಿಂತ ಕೆಳಗೆ ಇಳಿದಿದ್ರೆ ಸಹಿ ಕೇಳ್ಬೇಡಿ. ಮೇಲೆ ದಾರೀಲಿ ಬಿದ್ರೆ ಎತ್ಕೊಂಡು ಬರೋಕೆ ಕತ್ತೆಯೂ ಸಿಗಲ್ಲ."

ನನ್ನ ಮಗಳ ವಯಸ್ಸು ಅವಳಿಗೆ, ಮಗಳಿದ್ದಿದ್ದರೆ. ಹದಿನಾಲ್ಕು ವರ್ಷದಿಂದ ಈ ರಕ್ತದ ಜೊತೆ ಬದುಕುತ್ತಿರುವವಳು ನಾನು. ಶಾಲೆಯಲ್ಲಿ ಕಲಿಸುವ ನನಗೇ ಕಲಿಸಲು ಬರುತ್ತಾಳೆ.

ಹಸಿರು ಪುಸ್ತಕ ಅವಳಿಗೆ. ಈ ನೋಟು ಪುಸ್ತಕ ನನಗೆ.

ಏಪ್ರಿಲ್ 5, ಭಾನುವಾರ. ಓಡುವ ಮೊದಲು 1.60, ಮುಗಿದ ಮೇಲೆ 1.12

ಇಪ್ಪತ್ತೆಂಟು ಕಿಲೋಮೀಟರು. ಚೆನ್ನಾಗಿ ಹೋಯಿತು. ಹೊರಡುವ ಮುಂಚೆ ಇನ್ಸುಲಿನ್ ಸೂಜಿಮದ್ದನ್ನು ಅರ್ಧಕ್ಕೆ ಇಳಿಸಿದ್ದೆ.

ಹದಿನಾಲ್ಕನೆಯ ಕಿಲೋಮೀಟರಿಗೆ ಹಳೆಯ ಕಲ್ಲುಗುಪ್ಪೆಯಿದೆ, ಮೂರು ದಾರಿ ಕೂಡುವಲ್ಲಿ. ಗುರುತಿಗೆ ಅದಕ್ಕಿಂತ ಒಳ್ಳೆಯದು ಆ ಬೋಳಿನಲ್ಲಿ ಇನ್ನೊಂದಿಲ್ಲ. ಅದರ ಕೆಳಗಿನ ಪೊಟರೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು ಬಂದೆ. ಡಬ್ಬಿಯಲ್ಲಿ ಆರು ಖರ್ಜೂರ, ಮತ್ತೆ ಗೋಪುರದಂತೆ ಅಚ್ಚುಹಾಕಿದ ಸಕ್ಕರೆ ಗಟ್ಟಿಯಿಂದ ಒಡೆದ ಹತ್ತು ತುಂಡು, ಅದರದೇ ನೀಲಿ ಕಾಗದದಲ್ಲಿ ಸುತ್ತಿ. ಸೊಂಟದ ಪಟ್ಟಿಯಲ್ಲಿ ಅಷ್ಟೆಲ್ಲ ಹೊತ್ತು ಓಡಿದರೆ ಬೆವರಿಗೆ ಕರಗಿ ಅಂಟಾಗುತ್ತದೆ. ಇನ್ನು ಮೇಲೆ ಪಟ್ಟಿಯಲ್ಲಿ ಎರಡು ತುಂಡು, ಉಳಿದದ್ದು ಡಬ್ಬಿಯಲ್ಲಿ.

ಮನೆಗೆ ಬಂದಾಗ ನಾದಿನಿ ಫಾದ್ಮಾ ಬಾಗಿಲಲ್ಲೇ ಕೂತಿದ್ದಳು, ಬಟಾಣಿ ಸುಲಿಯುತ್ತಾ.

"ಏನೇ ತೂದಾ, ನಿಮ್ಮಪ್ಪನ ಕುರಿ ಇನ್ನೂ ಸಿಗಲಿಲ್ವಾ? ಪ್ರತಿ ಭಾನುವಾರ ಹುಡುಕ್ಕೊಂಡು ಓಡ್ತೀಯಲ್ಲ!"

ಅಸ್ಸು ಒಳಗಿಂದಲೇ ಕೇಳಿದ, "ಎಷ್ಟು?"

ಅವನು ನನ್ನನ್ನು ಬೇರೇನೂ ಕೇಳುವುದಿಲ್ಲ. ನಾನು ಹೆಂಡತಿಯಲ್ಲ, ಅಂಕಿ.

ಏಪ್ರಿಲ್ 12, ಭಾನುವಾರ. 0.66

ಡಬ್ಬಿ ಖಾಲಿ.

ಮೊದಲು ಕೋತಿಗಳು ಅಂದುಕೊಂಡೆ. ಕಾಡಂಚಿನಲ್ಲಿ ಅವಕ್ಕೇನೂ ಕಡಿಮೆಯಿಲ್ಲ. ಪ್ರವಾಸಿಗರ ಕೈಯಿಂದ ಕಡಲೆಬೀಜ ಕಸಿಯುತ್ತವೆ. ಆದರೆ ಡಬ್ಬಿಯ ಮುಚ್ಚಳ ಹಾಕಿತ್ತು. ಇದ್ದಲ್ಲೇ ಇತ್ತು. ಖರ್ಜೂರ ಮುಟ್ಟಿರಲಿಲ್ಲ, ಸಕ್ಕರೆ ಮಾತ್ರ ಇಲ್ಲ, ನೀಲಿ ಕಾಗದವೂ ಇಲ್ಲ. ಖರ್ಜೂರ ಬಿಟ್ಟು ಸಕ್ಕರೆ ಆರಿಸುವ ಕೋತಿ, ಮುಚ್ಚಳ ಹಾಕಿ ಹೋಗುವ ಕೋತಿ.

ಖಾಲಿ ಅಂತ ಬರೆದೆ. ಖಾಲಿಯಲ್ಲ, ಖರ್ಜೂರ ಇತ್ತು, ತಿಂದೆ. ಆದರೂ ಖಾಲಿ ಅಂತಲೇ ಅನಿಸುತ್ತಿದೆ.

ನಾನು ಅಲ್ಲಿ ಇಡುತ್ತೇನೆಂದು ಗೊತ್ತಿರುವವರು ಮನೆಯ ಇಬ್ಬರೇ.

ಏಪ್ರಿಲ್ 14, ಮಂಗಳವಾರ. 1.20

ತರಗತಿಯಲ್ಲಿ ಹಳೆಯ ಅರಬ್ಬೀ ಕಾವ್ಯ. ಕವಿ ಮೊದಲು ಬಂದು ನಿಲ್ಲುವುದು ಪ್ರಿಯೆಯ ಬಿಡಾರ ಎದ್ದುಹೋದ ಜಾಗದಲ್ಲಿ: ಒಲೆಯ ಮೂರು ಕಲ್ಲು, ಬೂದಿ, ಗೂಟದ ಗುಣಿ. ಅದನ್ನೇ ಓದಿ ಓದಿ ಹೋದವರನ್ನೆಲ್ಲ ಕಟ್ಟಿ ನಿಲ್ಲಿಸುತ್ತಾನೆ. ಒಬ್ಬ ಹುಡುಗಿ ಎದ್ದು, "ಅವನು ತಪ್ಪಾಗಿ ಓದಿರಬಹುದಲ್ವಾ ಉಸ್ತಾದಾ? ಬೇರೆ ಯಾರದೋ ಒಲೆ ಇರಬಹುದು," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಫಾದ್ಮಾಳ ಜೊತೆ ಕೂತು ಹಿಟ್ಟು ನಾದಿದೆ. ಅವಳಿಗೆ ಮೊಣಕಾಲು ಊದಿದೆ. ಎಣ್ಣೆ ಹಚ್ಚಿದೆ.

ಏಪ್ರಿಲ್ 19, ಭಾನುವಾರ. 0.49

ಮತ್ತೆ ಇಲ್ಲ. ಈ ಸಲ ವಾರದ ನಡುವೆ ಹೋಗಿ ಹದಿನಾರು ತುಂಡು ಇಟ್ಟಿದ್ದೆ. ಒಂದೂ ಇಲ್ಲ. ಖರ್ಜೂರಕ್ಕೆ ಇರುವೆ ಹತ್ತಿ ಕಪ್ಪಾಗಿತ್ತು. ಪಟ್ಟಿಯಲ್ಲಿದ್ದ ಎರಡನ್ನು ತಿಂದು ಕಲ್ಲಿಗೆ ಒರಗಿ ಕೂತೆ. ಯಂತ್ರಕ್ಕೆ ರಕ್ತ ಹಿಡಿಯಲಾದದ್ದು ಮೂರನೆಯ ಸಲಕ್ಕೆ: 0.49. ಬೆಟ್ಟ ಎರಡಾಗಿ ಕಾಣುತ್ತಿತ್ತು. ಕೊನೆಗೆ ಇರುವೆ ಕೊಡವಿ ಖರ್ಜೂರವನ್ನೂ ತಿಂದೆ. ಹದಿನಾಲ್ಕು ಕಿಲೋಮೀಟರು ನಡೆದು ಬಂದೆ.

ಫಾದ್ಮಾ. ಫಾದ್ಮಾನೇ. ರಂಜಾನಿನಲ್ಲಿ ನಾನು ಉಪವಾಸ ಹಿಡಿಯಲಿಲ್ಲ ಅಂತ ಅವಳಿಗೆ ಒಳಗೊಳಗೇ ಇದೆ. ಹೋದ ವರ್ಷ ಸಹಿ ಸಿಗದಾಗ ಅವಳು ಪಾಯಸ ಮಾಡಿದ್ದಳು, ಯಾಕೆ ಮಾಡಿದ್ದಳು? ಮೊಣಕಾಲು ನೋವು ನಿಜವೋ ನಾಟಕವೋ ಯಾರು ಕಂಡರು. ಬಾಗಿಲಲ್ಲೇ ಕೇಳಿಬಿಟ್ಟೆ.

"ನನ್ನ ಸಕ್ಕರೆ ಏನ್ ಮಾಡಿದೆ?"

"ಯಾವ ಸಕ್ಕರೆ? ಡಬ್ಬದಲ್ಲಿದೆ ನೋಡು."

"ಬೆಟ್ಟದ ಮೇಲಿಟ್ಟದ್ದು!"

ನನ್ನ ಮುಖ ನೋಡಿದಳು. ನಗಲಿಲ್ಲ. "ಅಯ್ಯೋ ದೇವ್ರೇ, ಪಾಯಖಾನೆಗೆ ಹೋಗೋಕೇ ಗೋಡೆ ಹಿಡೀತೀನಿ ನಾನು. ಬೆಟ್ಟಕ್ಕೆ ಹಾರ್ಕೊಂಡು ಹೋದ್ನಾ? ಬಾ, ಕೂತ್ಕೋ, ಏನಾದ್ರೂ ಕುಡಿ."

ಕುಡಿ ಅಂದಳು. ಮಾತು ತಿರುಗಿಸಿದಳು.

ಏಪ್ರಿಲ್ 20, ಸೋಮವಾರ. 1.15

ನಿನ್ನೆಯದನ್ನು ಓದಿದೆ. ಅಕ್ಷರ ಸಾಲು ಬಿಟ್ಟು ಇಳಿದಿದೆ.

ಪಾಯಸ ಮಾಡಿದ್ದು ಅಸ್ಸುವಿನ ಬಡ್ತಿಗೆ. ಈಗ ನೆನಪಾಯಿತು. ಆದರೂ.

ಹಸಿರು ಪುಸ್ತಕದಲ್ಲಿ ನಿನ್ನೆಯ ಚೌಕದಲ್ಲಿ 1.10 ಅಂತ ಬರೆದೆ. ಪೆನ್ನು ಬದಲಿಸಿ ಬರೆದೆ, ಒಂದೇ ಕೂತಿಗೆ ಬರೆದದ್ದು ಅನಿಸಬಾರದು. 12ರ 0.66 ಹಾಗೇ ಇರಲಿ; ಎಲ್ಲವೂ ಚೆನ್ನಾಗಿದ್ದರೆ ಅವಳಿಗೆ ಅನುಮಾನ ಬರುತ್ತದೆ.

ಏಪ್ರಿಲ್ 26, ಭಾನುವಾರ. 0.55

ಈಗ ಪುರಾವೆ ಇದೆ.

ಇವತ್ತು ಪಟ್ಟಿಯಲ್ಲಿ ಎಂಟು ತುಂಡು ಒಯ್ದಿದ್ದೆ, ಡಬ್ಬಿಯನ್ನು ನಂಬದೆ. ವಾರದ ನಡುವೆ ಮತ್ತೆ ತುಂಬಿಸಿದ್ದ ಡಬ್ಬಿ ಬರಿದು. ಕಲ್ಲುಗುಪ್ಪೆಯ ಕೆಳಗೆ ಹಸಿ ಮಣ್ಣಿನಲ್ಲಿ ಗಾಡಿಯ ಚಕ್ರದ ಗುರುತು. ಆ ದಾರಿಯಲ್ಲಿ ಗಾಡಿ ತರಲು ಅಪ್ಪಣೆ ಇರುವುದು ಅರಣ್ಯ ಇಲಾಖೆಗೆ ಮಾತ್ರ. ಅಸ್ಸು ಇಪ್ಪತ್ತಾರು ವರ್ಷದಿಂದ ಅರಣ್ಯ ಇಲಾಖೆ.

ಮನೆಗೆ ಬಂದು ಗೂಟಕ್ಕೆ ತೂಗಿದ್ದ ಅವನ ಕೋಟಿನ ಜೇಬಿಗೆ ಕೈ ಹಾಕಿದೆ. ನೀಲಿ ಕಾಗದ. ಒಳಗೆ ಸಕ್ಕರೆ, ನಾಲ್ಕು ತುಂಡು, ಮೂಲೆ ಸವೆದದ್ದು.

"ಇದೇನು?"

ಅವನು ಕಾಗದವನ್ನೂ ನನ್ನನ್ನೂ ನೋಡಿದ. "ಸಕ್ಕರೆ."

"ಎಲ್ಲಿಂದ ಬಂತು?"

"ಅಂಗಡಿಯಿಂದ ತೂದಾ. ಸಕ್ಕರೆ ಎಲ್ಲಿಂದ ಬರುತ್ತೆ? ಎಷ್ಟಿದೆ ಈಗ? ನೋಡ್ಕೊಂಡ್ಯಾ?"

"ನಾನು ಓಡಬಾರದು ಅಂತ ತಾನೇ? ಬೇಡ ಅಂತ ಬಾಯಿಬಿಟ್ಟು ಹೇಳು. ಕದ್ದು ಯಾಕೆ ಮಾಡ್ತೀಯ? ನಾನಲ್ಲಿ ಬಿದ್ದು ಸತ್ತರೆ?"

ಅವನು ಕಾಗದ ಮಡಚಿ ಮತ್ತೆ ಕೋಟಿನ ಜೇಬಿಗಿಟ್ಟ. ಫಾದ್ಮಾ ಅಡಿಗೆಮನೆಯಿಂದ ಹಾಲು ತಂದಳು. ಕುಡಿಯಲಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟವನ್ನು ನಾನು ಬಲ್ಲೆ.

ಹಸಿರು ಪುಸ್ತಕಕ್ಕೆ: 0.98.

ಏಪ್ರಿಲ್ 29, ಬುಧವಾರ. 1.30

ಅಸ್ಸು ಈಗ ಎಷ್ಟು ಎಂದು ಕೇಳುತ್ತಿಲ್ಲ. ಬೆಳಿಗ್ಗೆ ಚಹಾ ಇಟ್ಟು ಹೋಗುತ್ತಾನೆ. ಒಳ್ಳೆಯದೇ ಆಯಿತು.

ಮನೆ ಬಹಳ ಸದ್ದಿಲ್ಲದೆ ಇದೆ.

ಮೇ 3, ಭಾನುವಾರ. ಬೆಳಿಗ್ಗೆ 1.45

ಈಗ ಸಕ್ಕರೆ ಸರಿಯಾಗಿದೆ. ಎಲ್ಲವನ್ನೂ ಬರೆಯುತ್ತೇನೆ.

ಇವತ್ತು ಓಡಲು ಹೋಗಲಿಲ್ಲ, ಹಿಡಿಯಲು ಹೋದೆ. ಬೆಳಕು ಹರಿಯುವಷ್ಟರಲ್ಲಿ ಕಲ್ಲುಗುಪ್ಪೆ ಮುಟ್ಟಿ, ಡಬ್ಬಿ ತುಂಬಿಸಿ, ದೊಡ್ಡ ದೇವದಾರುವಿನ ಹಿಂದೆ ಕೂತೆ. ಅಸ್ಸುವಿನ ಗಾಡಿಯ ಸದ್ದಿಗೆ ಕಾದೆ. ಬಂದದ್ದು ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸಿನವಳು, ಬೆನ್ನಿಗೆ ಸೌದೆ ಕಟ್ಟಿಕೊಂಡು, ಪ್ಲಾಸ್ಟಿಕ್ ಚಪ್ಪಲಿಯಲ್ಲಿ. ಹೊರೆ ಇಳಿಸಿದಳು. ಕಲ್ಲಿಗೆ ಮುತ್ತಿಟ್ಟಳು. ಕೆಳಗಿಂದ ಒಂದು ಕಲ್ಲು ಎತ್ತಿ ಗುಪ್ಪೆಯ ಮೇಲಿಟ್ಟಳು. ಆಮೇಲೆ, ತನ್ನ ಮನೆಯ ಕಪಾಟು ತೆಗೆದ ಹಾಗೆ, ಡಬ್ಬಿ ತೆಗೆದು ನೀಲಿ ಪೊಟ್ಟಣವನ್ನು ಎದೆಗಿಟ್ಟುಕೊಂಡಳು.

"ಕಳ್ಳಿ!" ಅಂತ ಕೂಗುತ್ತಾ ಎದ್ದೆ.

ಬೆಚ್ಚಿದಳು, ಆದರೆ ಓಡಲಿಲ್ಲ. ಸೊಂಟಕ್ಕೆ ಕೈಯಿಟ್ಟಳು.

"ಯಾರೇ ಕಳ್ಳಿ? ಇದು ನಮ್ಮ ಸಂತ ಸೀದಿಗೆ ಇಟ್ಟದ್ದು. ನೀನೇನು ಸೀದಿಯ ಹೆಂಡ್ತಿನಾ?"

"ನಾನಿಟ್ಟದ್ದು! ನನಗೆ!"

"ನಿನಗೆ ಬೇಕಾದ್ರೆ ನಿನ್ನ ಮನೇಲಿ ಇಟ್ಕೋ. ಗುಪ್ಪೆಯ ಕೆಳಗೆ, ನೀಲಿ ಕಾಗದದಲ್ಲಿ ಸಕ್ಕರೆ ಇಟ್ಟು ಹೋಗೋರು ಹರಕೆಯೋರಲ್ದೆ ಇನ್ಯಾರು? ಈ ಊರಲ್ಲಿ ಹುಟ್ಟಿದೋಳೇನೇ ನೀನು?"

ಈ ಊರಲ್ಲೇ ಹುಟ್ಟಿದವಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ನನ್ನ ಅಜ್ಜಿ ಇಂಥದೇ ಗುಪ್ಪೆಯಿಂದ ಯಾರೋ ಇಟ್ಟ ಸಕ್ಕರೆ ತಂದು ನನ್ನ ನಾಲಿಗೆಗೆ ಹಾಕಿದ್ದಳು. ಅಲ್ಲಿ ಇಟ್ಟ ಮೇಲೆ ಅದು ಇಟ್ಟವರದಲ್ಲ, ಬೇನೆಯಿದ್ದವರದು. ನನಗೆ ಅದು ಬರೀ ಹದಿನಾಲ್ಕನೆಯ ಕಿಲೋಮೀಟರು ಆಗಿಹೋಗಿತ್ತು.

ಅವಳ ದನಿ ಇಳಿಯಿತು, ಲಲ್ಲಾ ಅಂತ ಮರ್ಯಾದೆಯಿಂದ ಕರೆದಳು. "ನಂಗಲ್ಲ ಲಲ್ಲಾ. ಮಗಳಿಗೆ. ಇಜ್ಜಾ ಅಂತ, ಹದಿನೇಳು ತುಂಬಿದೆ. ಚಳಿಗಾಲದಿಂದ ಒಣಗ್ತಾ ಇದಾಳೆ, ಮೈಮೇಲೆ ಬಟ್ಟೆ ನಿಲ್ಲಲ್ಲ. ಸೀದಿಯ ಸಕ್ಕರೆ ನೀರಲ್ಲಿ ಕದಡಿ ದಿನಾ ಕೊಡ್ತೀನಿ. ಆಸೆಯಿಂದ ಕುಡೀತಾಳೆ. ಎಷ್ಟು ಕುಡಿದ್ರೂ ಬಾಯಾರಿಕೆ, ಕೊಡಗಟ್ಲೆ ನೀರು. ಕುಡಿದದ್ದೆಲ್ಲ ಹೊರಗೆ."

ಮೂರು ವಾರದಿಂದ ಎಲ್ಲರನ್ನೂ ಅನುಮಾನಿಸುತ್ತಾ ಬಂದವಳಿಗೆ ಅನುಮಾನ ಎಂದರೇನೆಂದು ಆ ಕ್ಷಣ ಗೊತ್ತಾಯಿತು.

"ಮನೆ ಎಲ್ಲಿ?"

"ಯಾಕೆ?"

"ಎಲ್ಲಿ ಅಂತ ಹೇಳು!"

ಮನೆ ಗುಡ್ಡದ ಆ ಬದಿಗೆ, ಎರಡು ಕಿಲೋಮೀಟರು. ಅವಳು ಸೌದೆ ಬಿಟ್ಟು ನನ್ನ ಹಿಂದೆ ಬಂದಳು. ನಾನು ಓಡಿದೆ. ಇಷ್ಟು ವರ್ಷದಲ್ಲಿ ಗಡಿಯಾರ ನೋಡದೆ ಓಡಿದ್ದು ಇದೇ ಮೊದಲು.

ಹುಡುಗಿ ಕಂಬಳಿಯ ಮೇಲೆ ಮಲಗಿದ್ದಳು. ಉಸಿರು ಆಳವಾಗಿ, ಬೇಗ ಬೇಗ. ಕೋಣೆ ತುಂಬ ಕೊಳೆತ ಸೇಬಿನ ವಾಸನೆ. ಮನೆಯಲ್ಲಿ ಒಂದು ಸೇಬೂ ಇರಲಿಲ್ಲ; ವಾಸನೆ ಅವಳ ಉಸಿರಿನದು. ಬೆರಳು ಚುಚ್ಚಿ ನನ್ನ ಯಂತ್ರಕ್ಕೆ ಹಿಡಿದೆ. ಯಂತ್ರ ಅಂಕಿ ಕೊಡಲಿಲ್ಲ. ತನ್ನ ಅಳತೆಗೆ ಮೀರಿದ್ದೆಂದು ಮಿಣುಕಿತು. ಪಟ್ಟಿಯಲ್ಲಿ ನನ್ನ ಸೂಜಿ ಇತ್ತು. ತೆಗೆದೆ. ಎಷ್ಟು ಹಾಕಬೇಕೆಂದು ಗೊತ್ತಿಲ್ಲದೆ ಮತ್ತೆ ಒಳಗಿಟ್ಟೆ.

ಅಸ್ಸುವಿಗೆ ಫೋನು ಮಾಡಿದೆ. ಒಂದು ವಾರದಿಂದ ಮಾತಾಡಿಸದವನಿಗೆ.

"ಬೋಳುಗುಡ್ಡದ ಆ ಬದಿ, ಗುಪ್ಪೆಯಿಂದ ಎಡಕ್ಕೆ. ಗಾಡಿ ತಗೊಂಡು ಬಾ. ಒಂದು ಹುಡುಗಿ."

"ಬಂದೆ," ಅಂದ. ಯಾವ ಹುಡುಗಿ ಅನ್ನಲಿಲ್ಲ.

ತಾಯಿಯ ಹೆಸರು ಯಾಮ್ನಾ. ಗಾಡಿಯಲ್ಲಿ ಅವಳು ನನ್ನ ತೋಳು ಹಿಡಿದು ಕೇಳಿದಳು, "ಅವಳಿಗೆ ಏನಾಗಿದೆ ಲಲ್ಲಾ?"

"ನನಗಾಗಿರೋದೇ."

"ನೀನು ಕುದುರೆ ಹಾಗಿದೀಯಲ್ಲ!"

ನನ್ನ ಸಕ್ಕರೆ, ಮೂರು ವಾರ, ಆ ಹುಡುಗಿಯ ಲೋಟದಲ್ಲಿ.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೆ ಒಯ್ದ ಮೇಲೆ ಗೋಡೆಗೆ ಒರಗಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅಸ್ಸು ಜೇಬಿನಿಂದ ನೀಲಿ ಕಾಗದ ತೆಗೆದು ಎರಡು ತುಂಡು ನನ್ನ ಅಂಗೈಗೆ ಹಾಕಿದ.

"ನಿನಗೇ ಅಂತ ಇಟ್ಕೊಂಡಿರ್ತೀನಿ. ಮೊದಲಿಂದ. ಹೇಳಿದ್ರೆ ಬೈತೀಯ ಅಂತ ಹೇಳಿಲ್ಲ."

"ಚಕ್ರದ ಗುರುತು?"

"ಕೆಲಸ ತೂದಾ. ಒಣಮರ ಗುರುತು ಮಾಡೋಕೆ ಹೋಗಿದ್ದೆ. ದಿನಾ ಹೋಗ್ತೀನಿ."

ಸಕ್ಕರೆಗೆ ಅವನ ಕೋಟಿನ ತಂಬಾಕಿನ ರುಚಿ ಇತ್ತು.

ಮೇ 5, ಮಂಗಳವಾರ. 1.05

ಇಜ್ಜಾ ಬದುಕುತ್ತಾಳೆ ಅಂದರು. ಕಣ್ಣು ತೆರೆದು ಮೊದಲು ಕೇಳಿದ್ದು ಚಹಾ. ಯಾಮ್ನಾ ಅತ್ತಳು, ಆಮೇಲೆ ದಾದಿಯ ಜೊತೆ ಜಗಳವಾಡಿದಳು, ಚಹಾಕ್ಕೆ ಸಕ್ಕರೆ ಯಾಕಿಲ್ಲ ಅಂತ.

ಮೇ 8, ಶುಕ್ರವಾರ. 1.22

ಫಾದ್ಮಾ ಕುಸ್‌ಕುಸ್ ಮಾಡಿ ಒಂದು ಪಾಲು ಆಸ್ಪತ್ರೆಗೆ ಕಟ್ಟಿಕೊಟ್ಟಳು. ತಾನೂ ಬಂದಳು, ಅಸ್ಸುವಿನ ತೋಳು ಹಿಡಿದು, ಮೆಟ್ಟಿಲಿಗೊಮ್ಮೆ ದೇವರನ್ನು ಕರೆಯುತ್ತಾ. ಇಜ್ಜಾಳ ಮಂಚದ ಮೇಲೆ ಕೂತು ನನ್ನ ಕಡೆ ಬೆರಳು ಮಾಡಿದಳು: "ಇವಳ ಹಾಗೆ ಓಡೋಕೆ ಮಾತ್ರ ಶುರು ಮಾಡ್ಬೇಡ ಮಗಳೇ. ಗಂಡ ಹಿಂದೆ ಗಾಡೀಲಿ ಬರ್ಬೇಕಾಗುತ್ತೆ." ಹುಡುಗಿ ನಕ್ಕಳು.

ಅವಳಿಗೂ ಹಸಿರು ಪುಸ್ತಕ ಕೊಟ್ಟಿದ್ದಾರೆ. ಬರೆಯುವುದನ್ನು ನಾನು ಕಲಿಸಬೇಕಂತೆ. ಡಾಕ್ಟರ್ ಸೆಬ್ತಿಯೇ ಕೇಳಿದಳು. "ನಿಮ್ಮಷ್ಟು ಅಚ್ಚುಕಟ್ಟಾಗಿ ಬರೆಯೋರು ನನ್ನ ಹತ್ರ ಬೇರೆ ಯಾರೂ ಇಲ್ಲ," ಅಂದಳು. ಯಾಕೆ ಹಾಗಂದಳು? ಗೊತ್ತಾಗಿ ಅಂದಳೋ, ಗೊತ್ತಿಲ್ಲದೆ ಅಂದಳೋ?

ಮೇ 13, ಬುಧವಾರ. 1.18

ಇಜ್ಜಾಳನ್ನು ಮನೆಗೆ ಕಳಿಸಿದರು. ಶಾಲೆ ಬಿಟ್ಟ ಮೇಲೆ ಹೋದೆ. ಅವಳು ಪೆನ್ಸಿಲು ಕೆನ್ನೆಗೆ ಒತ್ತಿಕೊಂಡು ಪುಸ್ತಕ ನೋಡುತ್ತಿದ್ದಳು. ಬೆಳಿಗ್ಗೆಯ ಚೌಕ ಖಾಲಿ.

"ಯಾಕೆ ಬರೆದಿಲ್ಲ?"

"2.90 ಬಂತು. ಅಮ್ಮ ನೋಡಿದ್ರೆ ಅಳ್ತಾಳೆ. ಡಾಕ್ಟರು ಬೈತಾರೆ." ತಲೆಯೆತ್ತಿದಳು. "ಕೆಟ್ಟದ್ದು ಬಂದ್ರೆ ಅದನ್ನೂ ಬರೀಬೇಕಾ ಉಸ್ತಾದಾ? ನೀವು ಬರೀತೀರಾ?"

ನನ್ನ ಚೀಲದಲ್ಲಿ ನನ್ನ ಹಸಿರು ಪುಸ್ತಕ ಇತ್ತು, ನಾಳೆಯ ಸಹಿಗೆ ಸಿದ್ಧವಾಗಿ.

"ಬರೀಬೇಕು," ಅಂದೆ.

ಎರಡನೆಯ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ. 2.90 ಅಂತ ಬರೆದು, ಕೆಳಗೆ ಸಣ್ಣದಾಗಿ 'ಜೇನು ತಿಂದೆ' ಅಂತ ಸೇರಿಸಿದಳು. ಯಾರೂ ಅದನ್ನು ಕೇಳಿರಲಿಲ್ಲ.

ಮೇ 14, ಗುರುವಾರ. 1.09

ಎರಡೂ ಪುಸ್ತಕ ಮೇಜಿನ ಮೇಲಿಟ್ಟೆ. ಹಸಿರಿನದು, ಮತ್ತೆ ಇದು.

ಡಾಕ್ಟರ್ ಸೆಬ್ತಿ ಹಸಿರನ್ನು ನೋಡಿ ಪೆನ್ನು ತೆಗೆದಿದ್ದಳು. "ಇದೂ ಇದೆ, ಇದು ನಿಜವಾದದ್ದು," ಅಂದೆ. ಓದತೊಡಗಿದಳು. ಹೊರಗೆ ರೋಗಿಗಳು ಗೊಣಗುತ್ತಿದ್ದರು. ಅವಳು ಪುಟ ತಿರುಗಿಸಿ ಪೂರ್ತಿ ಓದಿದಳು, ತನ್ನ ಬಗ್ಗೆ ಬರೆದದ್ದನ್ನೂ.

"ಹತ್ತೊಂಬತ್ತಕ್ಕೆ ಇಲ್ಲಿ 1.10. ಅಲ್ಲಿ 0.49."

"ಅಲ್ಲಿರೋದು ಸರಿ."

"ತೋರಿಸದೇ ಇದ್ದಿದ್ರೆ ನಾನು ಸಹಿ ಹಾಕಿ ಆಗಿರ್ತಿತ್ತು."

"ಗೊತ್ತು."

"ಒಬ್ರೇ ಆ ಬೆಟ್ಟದ ಮೇಲೆ, 0.49." ಪೆನ್ನಿನ ಮುಚ್ಚಳ ಹಾಕಿದಳು. "ಈ ವರ್ಷ ಆಗಲ್ಲ. ಬೇಜಾರು ಮಾಡ್ಕೊಳ್ಳಿ, ಪರವಾಗಿಲ್ಲ. ನಂಗೂ ಆಗ್ತಿದೆ. ಶರತ್ಕಾಲದಲ್ಲಿ ಇನ್ನೊಂದು ಓಟ ಇದೆಯಲ್ಲ, ಅದಕ್ಕೆ ನಾಳೆಯಿಂದ ಮತ್ತೆ ಒಂದನೇ ದಿನ."

ಕೊಡುವ ಮುಂಚೆ ಈ ಪುಸ್ತಕದಲ್ಲಿ ಎರಡು ದಿನದ ಬರಹಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಳು: ಒಂದು ಕಡೆ 0.49ರ ಕೆಳಗೆ ಮತ್ತು ಫಾದ್ಮಾಳ ಹೆಸರಿನ ಕೆಳಗೆ, ಇನ್ನೊಂದು ಕಡೆ 0.55ರ ಕೆಳಗೆ ಮತ್ತು ಅಸ್ಸುವಿನ ಕೋಟಿನ ಸಾಲಿನ ಕೆಳಗೆ. ಯಾಕೆ ಎಳೆದಳೋ. ಮನೆಗೆ ಬಂದು ನೋಡಿದೆ, ತಿಳಿಯಲಿಲ್ಲ. ಅಳಿಸದೆ ಬಿಟ್ಟಿದ್ದೇನೆ.

ದಾರಿಯಲ್ಲಿ ಅತ್ತುಬಿಟ್ಟೆ. ನಲವತ್ತೆಂಟು ವರ್ಷದವಳು, ಮಾರುಕಟ್ಟೆಯ ನಡುವೆ, ಕೊತ್ತಂಬರಿ ಕಟ್ಟು ಹಿಡಿದುಕೊಂಡು.

ಮೇ 17, ಭಾನುವಾರ. 1.31

ಬೆಳಿಗ್ಗೆ ಅಸ್ಸು ಕೇಳಿದ, "ರಸ್ತೆಬದಿಗೆ ಹೋಗೋಣ್ವಾ? ಓಟ ನೋಡೋಕೆ?" ಬೇಡ ಅಂದೆ. ಇಜ್ಜಾಳ ಮನೆಗೆ ಕರೆದೊಯ್ಯಲು ಹೇಳಿದೆ.

ಅವರ ಅಂಗಳದಿಂದ ಎದುರಿನ ಏರು ಪೂರ್ತಿ ಕಾಣುತ್ತದೆ. ಓಟಗಾರರು ಬಣ್ಣದ ಚುಕ್ಕಿಗಳಾಗಿ ಹತ್ತುತ್ತಿದ್ದರು. ಯಾರ ಕಾಲು ಭಾರವಾಗಿದೆ, ಯಾರು ಬೇಗ ಹೊರಟು ಸುಸ್ತಾದರು ಎಂದು ಇಷ್ಟು ದೂರದಿಂದಲೂ ಹೇಳಬಲ್ಲೆ. ಎದೆ ಉರಿಯಿತು. ಉರಿಯಲಿ.

ಇಷ್ಟು ದಿನ ಇಜ್ಜಾಳಿಗೆ ಸೂಜಿ ಚುಚ್ಚುತ್ತಿದ್ದದ್ದು ಊರಿನ ದಾದಿ, ಇಲ್ಲವೇ ನಾನು. ಇವತ್ತು ಅವಳೇ ಚುಚ್ಚಿಕೊಳ್ಳಬೇಕು. ಯಾಮ್ನಾ ಬಾಗಿಲಲ್ಲಿ ನಿಂತು ತಲೆವಸ್ತ್ರದ ತುದಿ ಕಚ್ಚಿದ್ದಳು. ನಾನು ಹುಡುಗಿಯ ಪಕ್ಕ ಕೂತೆ. ಅವಳು ಸೂಜಿಯ ಅಳತೆ ತಿರುಗಿಸಿದಳು, ಮದ್ದು ಮೈಗೆ ಹೋದಂತೆ ತಾನೇ ಸೊನ್ನೆಗೆ ಮರಳುವಂಥದ್ದು; ಹೊಟ್ಟೆಯ ಚರ್ಮ ಹಿಡಿದಳು, ನಿಲ್ಲಿಸಿದಳು.

"ಏನಾಯ್ತು?"

"ಎಲ್ರೂ ನನ್ನನ್ನೇ ನೋಡ್ತೀರಿ. ತಿಂದ್ರೆ ನೋಡ್ತೀರಿ, ಕುಡಿದ್ರೆ ನೋಡ್ತೀರಿ, ಹೊರಗೆ ಹೋದ್ರೆ ಹಿಂದೆ ಬರ್ತೀರಿ. ಕೈಯೇ ಏಳ್ತಿಲ್ಲ." ದನಿ ಒಡೆದಿತ್ತು. "ಆ ಕಡೆ ತಿರುಗಿ ಉಸ್ತಾದಾ. ಅಮ್ಮಾ, ನೀನೂ."

"ಅವಳು ಚುಚ್ಕೊಳ್ದೇ ಚುಚ್ಕೊಂಡೆ ಅಂದ್ರೆ?" ಯಾಮ್ನಾ ನನ್ನ ಕಿವಿಯಲ್ಲಿ ಅಂದಳು.

ಅನ್ನಬಹುದು. ಆ ವಯಸ್ಸಿನಲ್ಲಿ ಏನೇನು ಮಾಡಬಹುದೆಂದು ನನಗೆ ಗೊತ್ತು. ಈ ವಯಸ್ಸಿನಲ್ಲಿ ಏನೇನು ಮಾಡಬಹುದೆಂದೂ ಗೊತ್ತು.

ಯಾಮ್ನಾಳ ಭುಜ ಹಿಡಿದು ಹೊರಗೆ ತಿರುಗಿಸಿದೆ. ನಾನೂ ತಿರುಗಿದೆ. ಎದುರಿನ ಏರಿನಲ್ಲಿ ಕೊನೆಯ ಚುಕ್ಕಿ ನಿಂತು, ಬಾಗಿ, ಮತ್ತೆ ನಡೆಯಲು ತೊಡಗಿತು. ಹಿಂದೆ ಕೋಣೆಯಲ್ಲಿ ಏನೂ ಕೇಳಿಸಲಿಲ್ಲ, ತುಂಬ ಹೊತ್ತು.

"ಆಯ್ತು," ಅಂದಳು ಇಜ್ಜಾ.

ಸೂಜಿಯ ಅಳತೆ ಸೊನ್ನೆಗೆ ಬಂದಿದೆಯೇ ಎಂದು ನಾನು ನೋಡಲಿಲ್ಲ.